ಬೋರಿವಲಿಯ ಹೆಸರು ಹೊತ್ತ ಹೂ

ಮುಂಬಯಿಯಲ್ಲಿರುವ ನಮಗೆ ಬೋರಿವಲಿ ಎಂದರೆ ಲೋಕಲ್ ಟ್ರೇನು, ನೂಕುನುಗ್ಗಲು. ಸಸ್ಯಶಾಸ್ತ್ರದಲ್ಲಿ ಮಾತ್ರ ಆ ಹೆಸರು ಅಂಟಿಕೊಂಡಿರುವುದು ಒಂದು ಪುಟ್ಟ ಬಿಳಿ ಹೂವಿಗೆ: ಕ್ಲೋರೋಫೈಟಮ್ ಬೋರಿವಿಲಿಯಾನಮ್. ಸೇಂಟ್ ಝೇವಿಯರ್ಸ್ ಕಾಲೇಜಿನ ಪಾದ್ರಿ ಸಾಂತಾಪಾವ್ ಮತ್ತು ಅವರ ಜೊತೆಗಾರ ಫರ್ನಾಂಡಿಸ್ 1950ರ ದಶಕದಲ್ಲಿ ಇಟ್ಟ ಹೆಸರು. ಔಷಧದ ಅಂಗಡಿಯಲ್ಲಿ ಇದೇ ಸಫೇದ್ ಮುಸ್ಲಿ. ಮೊದಲ ಮಳೆಗೆ ಆದಿವಾಸಿ ಹೆಂಗಸರು ಸ್ಟೇಷನ್ ಹೊರಗೆ ಮಾರುವ ಫೋಡ್ಶಿ ಸೊಪ್ಪೂ ಇದರ ಬಳಗದ್ದೇ.

ಸೊಪ್ಪು ಕೊಯ್ದರೆ ಬೇರು ಉಳಿಯುತ್ತದೆ. ಮುಸ್ಲಿಗೆ ಬೆಲೆ ಇರುವುದು ಬೇರಿಗೇ, ಹಾಗಾಗಿ ಗಿಡವನ್ನೇ ಅಗೆಯುತ್ತಾರೆ. ಕಾಡಿನಲ್ಲಿ ಅದು ಅಪರೂಪವಾಗುತ್ತ ಬಂದದ್ದು ಹೀಗೆ. ಬಾಲ್ಕನಿಗೆ ಬೇಕಿದ್ದರೆ ಬೆಳೆಗಾರರಿಂದಲೇ ತನ್ನಿ, ಕಾಡಿನದು ಬೇಡ.

ಬೆರಳಿನಂಥ ಬೇರಿನ ತುದಿಯಲ್ಲಿ ಮೊಳಕೆಯ ತಲೆ ಇರಲೇಬೇಕು. ಬರೀ ಬೇರು ಚಿಗುರುವುದಿಲ್ಲ. ಆಳದ ಕುಂಡ, ನೀರು ನಿಲ್ಲದ ಮರಳುಮಣ್ಣು, ಜೂನಿನಲ್ಲಿ ನಾಟಿ. ಮಳೆಗಾಲದ ನಡುವೆ ನೆಟ್ಟಗಿನ ಕಡ್ಡಿಯಲ್ಲಿ ಆರೆಸಳಿನ ಹೂಗಳು ಬರುತ್ತವೆ. ಮಳೆ ಮುಗಿಯುತ್ತಿದ್ದಂತೆ ಎಲೆ ಹಳದಿಯಾಗಿ ಒಣಗಿ, ಗಿಡ ಮಣ್ಣೊಳಗೆ ಮಲಗುತ್ತದೆ. ಊರಿನ ಬೇಲಿಯ ಗೌರಿ ಹೂ ಕಂಡವರಿಗೆ ಇದು ಹೊಸದಲ್ಲ.

ಆಮೇಲೆ ನೀರು ಹಾಕಬಾರದು, ಬೇರು ಕೊಳೆಯುತ್ತದೆ. ಮೇ ರಜೆಯಲ್ಲಿ ಊರಿಗೆ ಹೊರಡುವಾಗ ಗಿಡಗಳಿಗೆ ನೀರು ಹಾಕಲು ಪಕ್ಕದ ಮನೆಯವರನ್ನು ಗೋಗರೆಯುವ ನಮ್ಮಂಥವರಿಗೆ ಇದಕ್ಕಿಂತ ಹೊಂದುವ ಗಿಡ ಯಾವುದಿದೆ! ಕುಂಡದ ಮೇಲೆ ಮಾತ್ರ ಒಂದು ಚೀಟಿ ಅಂಟಿಸಿಡಿ. ಇಲ್ಲದಿದ್ದರೆ ಖಾಲಿ ಕುಂಡವೆಂದು ಯಾರಾದರೂ ಅದರಲ್ಲಿ ಕೊತ್ತಂಬರಿ ಬಿತ್ತಿಬಿಡುತ್ತಾರೆ.