ಬ್ಯಾಟು, ಗಟ್ಟು ಮತ್ತು ಅರ್ಧ ಕ್ವಿಂಟಾಲ್ ಅಡಿಕೆ

ನಮ್ಮ ಚಂದ್ರಗುತ್ತಿ ಕಡೆ ರ‍್ಯಾಕೆಟ್ ಅಂತ ಯಾರೂ ಹೇಳಲ್ಲ. ಎಲ್ಲದಕ್ಕೂ ಒಂದೇ ಹೆಸರು, ಬ್ಯಾಟು. ಕ್ರಿಕೆಟ್ಟಿಂದೂ ಬ್ಯಾಟು, ಶಟಲ್ಲಿಂದೂ ಬ್ಯಾಟು, ರೇಣುಕಾಂಬೆ ಜಾತ್ರೆ ಅಂಗಡಿಯಲ್ಲಿ ಅಮ್ಮನ ಸೆರಗು ಜಗ್ಗಿ ಕೊಡಿಸಿಕೊಳ್ಳೋ ಪ್ಲಾಸ್ಟಿಕ್ಕಿಂದೂ ಬ್ಯಾಟೇ. ಈಗಂತೂ ಚಟಚಟ ಅಂತ ಸೊಳ್ಳೆ ಸಾಯಿಸೋದಕ್ಕೂ ಅದೇ ಹೆಸರು :)

ಅಡಿಕೆ ಕೊಯ್ಲು ಮುಗಿದು ಅಂಗಳ ಖಾಲಿ ಆಯ್ತು ಅಂದ್ರೆ ನಮ್ಮಲ್ಲಿ ಶಟಲ್ ಶುರು. ಎರಡು ಅಡಿಕೆ ದಬ್ಬೆ ನೆಟ್ಟು, ನೆಟ್ ಕಟ್ಟಿ, ಇನ್ನೂರು ವ್ಯಾಟಿನ ಬಲ್ಬ್ ಉರಿಸಿದ್ರೆ ಅದೇ ಸ್ಟೇಡಿಯಂ. ತಂತಿ ಕಡಿದ್ರೆ "ಗಟ್ಟು ಹೋಯ್ತು" ಅಂತಿದ್ವಿ. ಹೋದ ಗಟ್ಟನ್ನ ಗಂಟು ಹಾಕಿ ಇನ್ನೊಂದು ತಿಂಗಳು ಓಡಿಸ್ತಿದ್ವಿ. ಆ ಪದಕ್ಕೆ ಕರುಳು ಅಂತ ಅರ್ಥ ಇದೆ ಅನ್ನೋದು ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ.

ಟೆನಿಸ್ ಬಾಲ್ ಎಲ್ಲರಿಗೂ ಗೊತ್ತಿತ್ತು, ಟೆನಿಸ್ ಯಾರಿಗೂ ಗೊತ್ತಿರಲಿಲ್ಲ. ಬಾಲು ಇದ್ದಿದ್ದೇ ಕ್ರಿಕೆಟ್ಟಿಗೆ. ಮೇಲಿನ ಜುಂಗು ಪೂರ್ತಿ ಉದುರಿ ಬೋಳಾಗೋ ತನಕ ಆಡಿ, ಆಮೇಲೆ ಅದು ಒಡೆದು ಎರಡು ಹೋಳಾದಾಗ ತಮ್ಮಂದಿರ ಪಾಲು. ದೊಡ್ಡ ಟೂರ್ನಮೆಂಟುಗಳಲ್ಲಿ ಮೊದಲ 7 ಗೇಮ್, ಆಮೇಲೆ ಪ್ರತಿ 9 ಗೇಮಿಗೊಮ್ಮೆ ಆರಕ್ಕೆ ಆರೂ ಚೆಂಡು ಬದಲಾಯಿಸ್ತಾರೆ ಅಂತ ಮೊದಲ ಸಲ ಓದಿದಾಗ ನನಗೆ ಹೊಟ್ಟೆ ಉರಿದಿತ್ತು. ಅವರು ಬಿಸಾಕಿದ ಆರು ಚೆಂಡಲ್ಲಿ ನಮ್ಮೂರಲ್ಲಿ ಒಂದು ವರ್ಷದ ಕ್ರಿಕೆಟ್ ನಡೀತಿತ್ತು!

ವಿಂಬಲ್ಡನ್ ಬರೋದು ಜೂನ್ ಕೊನೆ, ಜುಲೈ ಮೊದಲ ವಾರ. ನಮ್ಮಲ್ಲಿ ಆಗ ಧೋ ಅಂತ ಮಳೆ. ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸೋಕೆ ಒಬ್ಬ, ಕೆಳಗೆ "ಬಂತು.. ಹೋಯ್ತು.. ಬಂತು" ಅನ್ನೋಕೆ ಇನ್ನೊಬ್ಬ. ಆ ಚುಕ್ಕಿ ಚುಕ್ಕಿ ಚಿತ್ರದಲ್ಲಿ ನಾನು ನೋಡಿದ ಹೀರೋ ಪೀಟ್ ಸಾಂಪ್ರಾಸ್. 1993ರಿಂದ 2000ದ ತನಕ 1996 ಒಂದು ಬಿಟ್ಟು ಎಲ್ಲಾ ವರ್ಷ ಅವನೇ ಗೆದ್ದ. ಅವನ ಕೈಯಲ್ಲಿದ್ದ ಕಪ್ಪು ಬಣ್ಣದ ಬ್ಯಾಟು ನೋಡಿ, ಆ ಬ್ಯಾಟು ಸಿಕ್ಕಿಬಿಟ್ರೆ ನಾನೂ ಹಾಗೇ ಹೊಡೀತೀನಿ ಅಂತ ಕನಸು ಕಾಣ್ತಿದ್ದೆ.

ಆಮೇಲೆ ನೌಕರಿ, ಇಂಟರ್ನೆಟ್ ಎಲ್ಲಾ ಬಂದ ಮೇಲೆ ಆ ಬ್ಯಾಟಿನ ಜಾತಕ ಓದಿದೆ. ವಿಲ್ಸನ್ ಕಂಪನಿಯ ಪ್ರೋ ಸ್ಟಾಫ್, ತಲೆ ಬರೀ 85 ಚದರ ಇಂಚು. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋದು 100 ಇಂಚಿಂದು. ಸಾಂಪ್ರಾಸನಿಗೆ ಬೇಕಿದ್ದದ್ದು ಕೆರಿಬಿಯನ್ನಿನ ಸೇಂಟ್ ವಿನ್ಸೆಂಟ್ ದ್ವೀಪದ ಫ್ಯಾಕ್ಟರಿಯಲ್ಲಿ ತಯಾರಾದ ಹಳೇ ಫ್ರೇಮುಗಳೇ. ಅದರ ಮೇಲೆ ಸೀಸದ ಪಟ್ಟಿ ಅಂಟಿಸಿ ಇನ್ನಷ್ಟು ಭಾರ ಮಾಡ್ಕೋತಿದ್ದ. ತಂತಿಯ ಬಿಗಿ 75 ಪೌಂಡು, ಅಂದ್ರೆ 34 ಕೆಜಿ! ಮಾಮೂಲಿ ಆಟಗಾರರು ಹಾಕಿಸೋದು 50ರಿಂದ 60. ನೇಟ್ ಫರ್ಗೂಸನ್ ಅನ್ನೋನು ತಂತಿ ಕಟ್ಟೋದಕ್ಕೇ ಅಂತ ಅವನ ಜೊತೆ ಊರೂರು ಸುತ್ತುತ್ತಿದ್ದ. ಅಂಥ ಬ್ಯಾಟು ನನ್ನ ಕೈಗೆ ಕೊಟ್ಟಿದ್ರೆ ಹತ್ತು ನಿಮಿಷಕ್ಕೆ ಭುಜ ಹಿಡ್ಕೊಂಡು ಕೂರ್ತಿದ್ದೆ.

ಇನ್ನು ಆ ತಂತಿ. ಅದು ನಿಜವಾದ ಕರುಳೇ. ಹಸುವಿನ ಕರುಳಿನ ಪೊರೆ ಬಿಡಿಸಿ, ತೊಳೆದು, ಎಳೆ ಎಳೆ ಮಾಡಿ ಹೊಸೆದು ಒಣಗಿಸಿ ಮಾಡೋದು. 1875ರಲ್ಲಿ ಫ್ರಾನ್ಸಿನ ಲಿಯೋನ್ ಊರಲ್ಲಿ ಶುರುವಾದ ಬಾಬೊಲಾ ಕಂಪನಿ ಇದರಲ್ಲಿ ಹಳೇ ಕುಳ. ಅದಕ್ಕೂ ಮೊದಲು ಆ ಮನೆಯವರು ಸಂಗೀತ ವಾದ್ಯಗಳಿಗೆ ತಂತಿ ಮಾಡ್ತಿದ್ರಂತೆ. ನಮ್ಮಜ್ಜಿ ಇದ್ದಿದ್ರೆ ಈ ವಿಷಯ ಕೇಳಿ ಟಿವಿಯನ್ನೇ ಅಂಗಳಕ್ಕೆ ಎಸೀತಿದ್ರೇನೋ..

ನನಗೆ ಮಾತ್ರ ಇದು ಓದಿದ ಕೂಡಲೇ ನೆನಪಾಗಿದ್ದು ಡೊಳ್ಳು. ನಮ್ಮ ಸೊರಬ, ಸಾಗರದ ಕಡೆಯ ಡೊಳ್ಳು ಕುಣಿತ ನೋಡಿದವರಿಗೆ ಗೊತ್ತಿರುತ್ತೆ. ಮಳೆಗಾಲದಲ್ಲಿ ಚರ್ಮ ತೇವ ಕುಡಿದು ಡೊಳ್ಳು 'ಬದ್ ಬದ್' ಅನ್ನುತ್ತೆ, ಬೆಂಕಿಗೆ ಹಿಡಿದು ಕಾಯಿಸಿ ಹಗ್ಗ ಬಿಗಿದ ಮೇಲೇ ಸರಿಯಾದ ದನಿ ಬರೋದು. ಕರುಳಿನ ತಂತಿಗೂ ತೇವ ಅಂದ್ರೆ ಆಗಲ್ಲ. ನೀರು ತಾಗಿದ್ರೆ ಉಬ್ಬಿ ಎಳೆ ಬಿಚ್ಚಿಕೊಳ್ಳುತ್ತೆ. ಹಾಗಿದ್ದೂ ಅದನ್ನ ಬಿಡಲ್ಲ ಯಾಕಂದ್ರೆ, ಚೆಂಡು ತಾಗಿದಾಗ ಹಿಗ್ಗಿ ಮತ್ತೆ ಮೊದಲಿನಂತಾಗೋ ಗುಣ, ಹಾಕಿದ ಬಿಗಿಯನ್ನ ಬಹಳ ದಿನ ಉಳಿಸಿಕೊಳ್ಳೋ ಗುಣ ಅದಕ್ಕಿರೋಷ್ಟು ಬೇರೆ ಯಾವ ತಂತಿಗೂ ಇಲ್ಲ. ಕೈಗೂ ನೋವಾಗಲ್ಲ. ಫೆಡರರ್ ಕೊನೇ ತನಕ ಉದ್ದಕ್ಕೆ ಕರುಳು, ಅಡ್ಡಕ್ಕೆ ಪಾಲಿಯೆಸ್ಟರ್ ಹಾಕಿಸಿಕೊಂಡೇ ಆಡಿದ.

ಬಿಗಿ ಅಂದ್ರೆ ಬೋರ್ನ್ ಬೋರ್ಗ್ ಕಥೆ ಹೇಳಲೇಬೇಕು. ಮರದ ಬ್ಯಾಟಿಗೆ 80 ಪೌಂಡಿನ ಹತ್ತಿರ ಎಳೆಸ್ತಿದ್ದ. ರಾತ್ರಿ ಹೋಟೆಲ್ ರೂಮಲ್ಲಿ ಯಾರೂ ಮುಟ್ಟದೇ ತಂತಿಗಳು ತಾವೇ ಫಟ್ ಅಂತ ಕಡೀತಿದ್ವಂತೆ. ಅದೇ ಬೋರ್ಗ್ 1991ರಲ್ಲಿ ಎಷ್ಟೋ ವರ್ಷದ ನಂತರ ಮತ್ತೆ ಆಡ್ತೀನಿ ಅಂತ ಮಾಂಟೆ ಕಾರ್ಲೋಗೆ ಬಂದ, ಕೈಯಲ್ಲಿ ಮತ್ತದೇ ಮರದ ಬ್ಯಾಟು. ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಗ್ರಾಫೈಟ್. ಜೋರ್ಡಿ ಅರೆಸೆ ಅನ್ನೋನ ಎದುರು ಮೊದಲ ಮ್ಯಾಚಲ್ಲೇ 6-2, 6-3ಕ್ಕೆ ಸೋತ.

2008ರ ಮಾರ್ಚಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಟೆನಿಸ್ ಸ್ಟೇಡಿಯಮ್ಮಿಗೆ ಸೆರೆನಾ, ವೀನಸ್ ಇಬ್ರೂ ಬಂದಿದ್ರು. ನಿಮ್ಮಲ್ಲಿ ಕೆಲವರಾದ್ರೂ ಹೋಗಿರ್ತೀರಿ. ಸೆಮಿಫೈನಲ್ಲಲ್ಲಿ ಅಕ್ಕನನ್ನ ಸೋಲಿಸಿ, ಆಮೇಲೆ ಕಪ್ಪೂ ಗೆದ್ದಿದ್ದು ಸೆರೆನಾ. ನಾನೂ ಆಫೀಸಿಗೆ ಒಂದು ದಿನ ಚಕ್ಕರ್ ಹೊಡೆದು ಹೋಗಿದ್ದೆ. ಎಲ್ಲರೂ ಆಟ ನೋಡ್ತಿದ್ರೆ ನನ್ನ ಕಣ್ಣು ಬ್ಯಾಗುಗಳ ಮೇಲೆ. ಒಬ್ಬೊಬ್ಬರ ಬ್ಯಾಗಲ್ಲೂ ಐದಾರು ಬ್ಯಾಟು, ಹೊಸದಾಗಿ ಗಟ್ಟು ಹಾಕಿಸಿದ್ದಕ್ಕೆ ಪ್ಲಾಸ್ಟಿಕ್ ಕವರು. ಚೆಂಡು ಬದಲಾದಾಗ ಕವರು ಹರಿದು ಹೊಸದನ್ನ ತೆಗೀತಿದ್ರು. ಮದುವೆ ಮನೇಲಿ ಎಲೆ ಬದಲಾಯಿಸಿದ ಹಾಗೆ.

ಆಗ ಗೊತ್ತಿಲ್ಲದೇ ಇದ್ದ ಇನ್ನೊಂದು ವಿಷಯ ಆಮೇಲೆ ತಿಳೀತು. ದೊಡ್ಡ ಆಟಗಾರರ ಕೈಯಲ್ಲಿರೋ ಎಷ್ಟೋ ಬ್ಯಾಟುಗಳು ಅಂಗಡಿಯಲ್ಲಿ ಅದೇ ಬಣ್ಣದಲ್ಲಿ ನೇತಾಡೋ ಬ್ಯಾಟುಗಳಲ್ಲ. ಅವರಿಗೆ ಯಾವುದೋ ಹಳೇ ಅಚ್ಚಿನ ಫ್ರೇಮೇ ಕೈಗೆ ಒಗ್ಗಿರುತ್ತೆ. ಕಂಪನಿಗೆ ಈ ವರ್ಷದ ಹೊಸ ಮಾಡೆಲ್ ಮಾರಬೇಕು. ಅದಕ್ಕೇ ಹಳೇ ಫ್ರೇಮಿಗೆ ಹೊಸ ಮಾಡೆಲ್ಲಿನ ಬಣ್ಣ ಬಳಿದು ಕೊಡೋದು. ಪೇಂಟ್ ಜಾಬ್ ಅಂತಲೇ ಇದಕ್ಕೆ ಹೆಸರು. ಜೊಕೊವಿಚ್ ಹಿಡಿಯೋ ಹೆಡ್ ಕಂಪನಿಯ 'ಸ್ಪೀಡ್' ಇದಕ್ಕೆ ಎಲ್ಲರೂ ಕೊಡೋ ಉದಾಹರಣೆ. ಮೇಲಿನ ಬಣ್ಣ ಕಾಲಕಾಲಕ್ಕೆ ಬದಲಾಯ್ತು, ಒಳಗಿರೋದು ಅಂಗಡಿಯಲ್ಲಿ ಸಿಗದ ಬೇರೆಯೇ ಅಚ್ಚು. ಜೊತೆಗೆ ಹಿಡಿಯೊಳಗೆ ತೂಕ ತುಂಬಿ, ಸೀಸ ಅಂಟಿಸಿ, ಬ್ಯಾಗಲ್ಲಿರೋ ಅಷ್ಟೂ ಬ್ಯಾಟು ತಕ್ಕಡೀಲಿ ಒಂದೇ ತೂಗೋ ಹಾಗೆ ಮಾಡಿಸಿರ್ತಾರೆ. ಬ್ಯಾಟಿನ ಉದ್ದಕ್ಕೆ ನಿಯಮ ಇದೆ, 73.7 ಸೆಂಟಿಮೀಟರ್ ದಾಟಬಾರದು. ತೂಕಕ್ಕೆ ನಿಯಮವೇ ಇಲ್ಲ.

ತಂತಿಗೆ ನಿಯಮ ಬಂದ ಕಥೆ ಇನ್ನೂ ಮಜಾ. ಜರ್ಮನಿಯ ವರ್ನರ್ ಫಿಶರ್ ಅನ್ನೋ ತೋಟಗಾರಿಕೆಯ ಮನುಷ್ಯ (ನಮ್ಮ ಪೈಕಿಯೇ ಅನ್ನಿ!) ತಂತಿಗಳನ್ನ ಹೆಣೆಯದೆ ಎರಡು ಪದರ ಮಾಡಿ, ಅದಕ್ಕೆ ಪ್ಲಾಸ್ಟಿಕ್ ಕೊಳವೆ ತೊಡಿಸಿ ಒಂದು ವಿಚಿತ್ರ ಬ್ಯಾಟು ಮಾಡಿದ. ಚೆಂಡು ಎಲ್ಲಿ ತಿರುಗುತ್ತೆ ಅಂತ ಎದುರಿನವರಿಗೆ ಗೊತ್ತೇ ಆಗ್ತಿರಲಿಲ್ಲ. 1977ರ ಅಕ್ಟೋಬರಲ್ಲಿ ಇಲಿ ನಸ್ಟಾಸೆ ಇದನ್ನ ಹಿಡಿದು ಗಿಲೆರ್ಮೊ ವಿಲಾಸ್ ಎದುರು ನಿಂತ. ಮಣ್ಣಿನ ಕೋರ್ಟಲ್ಲಿ ಸೋಲೇ ಇಲ್ಲದೆ ಓಡ್ತಿದ್ದ ವಿಲಾಸ್ ಎರಡು ಸೆಟ್ ಕಳ್ಕೊಂಡು ಸಿಟ್ಟಲ್ಲಿ ಆಟ ಬಿಟ್ಟೇ ನಡೆದ. ಆ ತಂತಿಗೆ ನಿಷೇಧ ಬಿತ್ತು. ಫ್ರೇಮ್ ಹಳೇದೇ, ಬದಲಾಗಿದ್ದು ತಂತಿ ಮಾತ್ರ!

ಇಷ್ಟೆಲ್ಲಾ ಪುರಾಣ ಯಾಕೆ ಕೊರೀತಿದೀನಿ ಅಂದ್ರೆ, ನಮ್ಮ ಮನೇಲಿ ಈಗ ಒಂದು ಬ್ಯಾಟಿನ ಗಲಾಟೆ ನಡೀತಿದೆ. ಅಕ್ಕನ ಮಗಳಿಗೆ ಹದಿಮೂರು. ಶಿವಮೊಗ್ಗದಲ್ಲಿ ನೆಂಟರ ಮನೇಲಿದ್ದು ಓದ್ತಾ, ಮೂರು ವರ್ಷದಿಂದ ಟೆನಿಸ್ ಕಲೀತಿದಾಳೆ. ಚೆನ್ನಾಗಿ ಆಡ್ತಾಳೆ, ನಾನು ಮಾವ ಅಂತ ಹೇಳ್ತಿಲ್ಲ. ಅವಳಿಗೆ ಈಗ ಅಲ್ಕರಾಜ್ ಹಿಡಿಯೋ ಬಾಬೊಲಾ ಪ್ಯೂರ್ ಏರೋ 98 ಬೇಕು. ಅದರ ಮೇಲೆ ಅವನು ಹಾಕೋ ಕಪ್ಪು ಪಾಲಿಯೆಸ್ಟರ್ ತಂತಿಯೇ ಬೇಕು. ನಡಾಲ್ ಕೂಡ ಅದನ್ನೇ ಹಾಕ್ತಿದ್ದ ಅನ್ನೋದು ಅವಳ ವಾದ, ಅದೂ ನಿಜವೇ. ಬೆಲೆ ಇಪ್ಪತ್ತು ಸಾವಿರದ ಮೇಲೆ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಹೆಚ್ಚುಕಡಿಮೆ ಅರ್ಧ ಕ್ವಿಂಟಾಲ್ ರಾಶಿ ಅಡಿಕೆ. ಭಾವ ಮಾರೋಕೆ ರೆಡಿ. ಬೇಡ ಅಂದಿದ್ದು ನಾನು.

ಯಾಕಂದ್ರೆ ಹುಡುಗಿಗೆ ಎರಡು ತಿಂಗಳಿಂದ ಮೊಣಕೈ ನೋವು. ಈಗಿರೋ ಬ್ಯಾಟಿಗೂ ಯಾರೋ ದೊಡ್ಡ ಹುಡುಗರನ್ನ ನೋಡಿ ಪಾಲಿಯೆಸ್ಟರೇ ಹಾಕಿಸಿಕೊಂಡಿದಾಳೆ, ಅದೂ 56 ಪೌಂಡು, ಅದೂ ಎಂಟು ತಿಂಗಳ ಹಿಂದೆ! ಈ ತಂತಿ ಗಡುಸು. 1997ರಲ್ಲಿ ಯಾರೂ ಹೆಸರು ಕೇಳಿರದ ಬ್ರೆಜಿಲ್ಲಿನ ಕುಯರ್ಟನ್ ಲಕ್ಸಿಲಾನ್ ತಂತಿ ಹಾಕ್ಕೊಂಡು ಫ್ರೆಂಚ್ ಓಪನ್ ಗೆದ್ದ ಮೇಲೆ ಎಲ್ಲರೂ ಪಾಲಿಯೆಸ್ಟರಿಗೆ ಬಿದ್ರು. ಜೋರಾಗಿ ಬೀಸಿದ್ರೂ ಚೆಂಡು ಗಿರ್ರನೆ ತಿರುಗಿ ಕೋರ್ಟೊಳಗೇ ಬೀಳುತ್ತೆ. ಆದ್ರೆ ಅದು ಕಡಿಯೋಕಿಂತ ಎಷ್ಟೋ ಮೊದಲೇ ಸಾಯುತ್ತೆ. ಬಿಗಿ ಇಳಿದು, ಜೀವ ಹೋಗಿ, ಬರೀ ಒಣ ತಂತಿ ಆಗುತ್ತೆ. ಅಲ್ಕರಾಜನಿಗೆ ಏನಂತೆ, ಆಡೋವಾಗಲೇ ಹೊಸದಾಗಿ ಗಟ್ಟು ಹಾಕಿದ ಬ್ಯಾಟುಗಳು ಬ್ಯಾಗಲ್ಲಿ ಕಾಯ್ತಿರ್ತವೆ. ಅವನು ಅದಕ್ಕೆ ಅಡಿಕೆ ಮಾರಬೇಕಾಗಿಲ್ಲ, ಕಂಪನಿಯೇ ಅವನಿಗೆ ದುಡ್ಡು ಕೊಡುತ್ತೆ. ನಮ್ಮ ಹುಡುಗಿ ಸತ್ತ ತಂತೀಲಿ ಎಂಟು ತಿಂಗಳು ಹೊಡೆದಿದಾಳೆ, ಚೆಂಡಿನ ಪೆಟ್ಟು ಪ್ರತಿ ಸಲವೂ ಮೊಣಕೈಗೆ.

ಅವಳ ಕೋಚ್ ಹೇಳೋದೂ ಇದೇ. 270-280 ಗ್ರಾಮಿನ ಹಗುರ ಬ್ಯಾಟು, ಮೆತ್ತನೆಯ ನೈಲಾನ್ ಎಳೆಗಳ ತಂತಿ, 48 ಪೌಂಡು ಸಾಕು. ವಾರಕ್ಕೆ ಎಷ್ಟು ದಿನ ಆಡ್ತೀವೋ ವರ್ಷಕ್ಕೆ ಅಷ್ಟು ಸಲ ಗಟ್ಟು ಬದಲಾಯಿಸಬೇಕು ಅನ್ನೋದು ಆಟದವರ ಹಳೇ ಲೆಕ್ಕ. ಇವಳು ವಾರಕ್ಕೆ ಆರು ದಿನ ಆಡ್ತಾಳೆ. ತಂತಿ, ಕಟ್ಟೋ ಕೂಲಿ ಸೇರಿ ಒಂದು ಸಲಕ್ಕೆ ಸಾವಿರ ಚಿಲ್ಲರೆ. ಆ ಅರ್ಧ ಕ್ವಿಂಟಾಲ್ ಅಡಿಕೇಲಿ ಮೂರು ವರ್ಷ ಗಟ್ಟು ಹಾಕಿಸಬಹುದು ಅಂತ ಕಾಗದದ ಮೇಲೆ ಬರೆದು ತೋರಿಸಿದೆ.

ಭಾವ ಕಾಗದ ನೋಡಿದ್ರು, ಕವಳದ ಉಗುಳು ನುಂಗಿ ಒಂದೇ ಮಾತು ಕೇಳಿದ್ರು. "ಬೆಂಗಳೂರಿನ ಮಕ್ಕಳಿಗೆ ಒಳ್ಳೇ ಬ್ಯಾಟು, ನಮ್ಮ ಮಗಳಿಗೆ ಬುದ್ಧಿಮಾತೇನೋ?"

ಇದಕ್ಕೆ ಪೌಂಡು ಗ್ರಾಮಿನಲ್ಲಿ ಉತ್ತರ ಕೊಡೋಕಾಗಲ್ಲ. ಹೊರಗಿನ ಟೂರ್ನಮೆಂಟಿಗೆ ಹೋದಾಗ ಎದುರಿನ ಹುಡುಗಿಯ ಬ್ಯಾಗಲ್ಲಿ ಮೂರು ಬ್ಯಾಟು, ಇವಳದ್ದು ಒಂದೇ, ಅದೂ ಮಾಸಿದ್ದು. ಕೋರ್ಟಿಗೆ ಇಳಿಯೋಕೆ ಮೊದಲೇ ಅಲ್ಲೊಂದು ಮ್ಯಾಚ್ ನಡೆದಿರುತ್ತೆ. ಅದನ್ನ ಅಪ್ಪ ಆದವನು ಬೇಲಿಯಾಚೆ ನಿಂತು ನೋಡಿರ್ತಾನೆ.

ನಾನು ಬೋಪಣ್ಣನ ಹೆಸರು ತೆಗೆದೆ. ಕೊಡಗಿನ ಕಾಫಿ ಬೆಳೆಗಾರರ ಮಗ. ಮಂಡಿಯ ಮೃದ್ವಸ್ಥಿ ಸವೆದು ನೋವಾಗಿ, ಅಯ್ಯಂಗಾರ್ ಯೋಗದಿಂದ ಸುಧಾರಿಸಿಕೊಂಡೆ ಅಂತ ಅವರೇ ಹೇಳಿದಾರೆ. 2024ರ ಜನವರೀಲಿ, 43ನೇ ವಯಸ್ಸಲ್ಲಿ, ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಜಗತ್ತಿನ ನಂಬರ್ ಒನ್ ಆದ್ರು. 2025ರ ನವೆಂಬರಲ್ಲಿ ನಿವೃತ್ತಿ ಆಗೋ ತನಕ ಆ ಮೈಯನ್ನ ಕಾಪಾಡಿಕೊಂಡು ಆಡಿದ್ರು. "ಬ್ಯಾಟು ಇನ್ನೊಂದು ತಗೋಬಹುದು ಭಾವ, ಮೊಣಕೈ ಎಲ್ಲಿಂದ ತರೋದು?" ಅಂದೆ. ಅಕ್ಕ ಒಳಗಿಂದ "ಅವನು ಹೇಳೋದು ಸರಿ ಇದೆ" ಅಂದಳು. ಭಾವ ಸುಮ್ಮನೆ ಎದ್ದು ತೋಟಕ್ಕೆ ಹೋದ್ರು.

ಸದ್ಯಕ್ಕೆ ತೀರ್ಮಾನ ಆಗಿರೋದು ಇಷ್ಟು. ಹಳೇ ಬ್ಯಾಟಿನ ಸತ್ತ ತಂತಿ ಕತ್ತರಿಸಿ ಹಾಕಿ ಆಯ್ತು. ಡಾಕ್ಟರು ಹೇಳಿದ ಹಾಗೆ ಮೂರು ವಾರ ಆಟ ಬಂದ್. ಆಮೇಲೆ ನೈಲಾನ್ ಗಟ್ಟಲ್ಲಿ ಎರಡು ತಿಂಗಳು ಆಡಿ ನೋಡೋದು. ಅಡಿಕೆ ಇನ್ನೂ ಚೀಲದಲ್ಲೇ ಇದೆ, ಭಾವ ಮಾರಿಲ್ಲ, ಮಾರಲ್ಲ ಅಂತಲೂ ಹೇಳಿಲ್ಲ. ಹುಡುಗಿ ನನ್ನ ಹತ್ರ ಮಾತು ಬಿಟ್ಟಿದಾಳೆ.

ಓದುವವರಲ್ಲಿ ಯಾರಾದ್ರೂ ಮಕ್ಕಳಿಗೆ ಟೆನಿಸ್ ಕಲಿಸ್ತಿದ್ರೆ ಒಂದು ವಿಷಯ ಕೇಳಬೇಕಿತ್ತು. ಮಳೆಗಾಲದಲ್ಲಿ ನೈಲಾನ್ ಗಟ್ಟಿನ ಬಿಗಿ ನಿಮ್ಮಲ್ಲಿ ಎಷ್ಟು ದಿನ ನಿಲ್ಲುತ್ತೆ? ಮಲೆನಾಡಿನವರಾದ್ರೆ ಇನ್ನೂ ಒಳ್ಳೇದು. ಕೆಳಗೆ ಒಂದು ಕಾಮೆಂಟ್ ಹಾಕಿ.