ಹಿಂದಕ್ಕೆ ಸರಿದು ಬೆಟ್ಟ ಹತ್ತಿದ ರೈಲು

ಸಿಲಿಗುರಿ ಬಿಟ್ಟು ಸುಕ್ನಾ ತಲುಪುವವರೆಗೂ ಡಾರ್ಜಿಲಿಂಗ್ ರೈಲು ಬರೀ ಪುಟ್ಟದೊಂದು ರೈಲು, ಅಷ್ಟೇ. ಸುಕ್ನಾ ದಾಟಿತೋ, ಕಾಡು ಕಿಟಕಿಗೇ ಬಂದು ತಾಗುತ್ತದೆ, ನೆಲ ಏರತೊಡಗುತ್ತದೆ. ರಂಗ್‌ಟಂಗ್‌ನಿಂದ ಮೇಲೆ ಒಂದೆಡೆ ರೈಲು ಗಕ್ಕನೆ ನಿಂತಿತು. ಮುಂದೆ ಹಳಿಯೇ ಇಲ್ಲ! ಪಾಯಿಂಟ್ಸ್‌ಮನ್ ಸನ್ನೆಗೋಲು ಎಳೆದು ಹಳಿ ಬದಲಿಸಿದ. ರೈಲು ಬಂದ ದಿಕ್ಕಿಗೇ ಹಿಂದೆ ಸರಿಯಿತು, ಆದರೆ ಏರುತ್ತಾ. ಮತ್ತೆ ನಿಂತು ಮುಂದಕ್ಕೆ ಹೊರಟಾಗ ಕೆಳಗೆ ಇಣುಕಿದೆ. ಆಗಷ್ಟೇ ಬಂದ ಹಳಿ ಕಾಲಡಿಯಲ್ಲಿ ಮಲಗಿತ್ತು.

ಕಲ್ಕತ್ತಾದಿಂದ ಸಿಲಿಗುರಿಗೆ ರೈಲು ಬಂದದ್ದು 1878ರಲ್ಲಿ. ಅಲ್ಲಿಂದ ಮೇಲೆ ಹಿಲ್ ಕಾರ್ಟ್ ರಸ್ತೆಯಲ್ಲಿ ಟಾಂಗಾ, ಎತ್ತಿನ ಗಾಡಿಗಳದೇ ಕಾರುಬಾರು. ಸಾಗಣೆ ದುಬಾರಿಯಾದ್ದರಿಂದ ಬಯಲಿನ ಅಕ್ಕಿ ಬೆಟ್ಟ ಹತ್ತುವಷ್ಟರಲ್ಲಿ ಬೆಲೆ ಎರಡು ಪಟ್ಟು ದಾಟುತ್ತಿತ್ತು. ಈಸ್ಟರ್ನ್ ಬೆಂಗಾಲ್ ರೈಲ್ವೆಯ ಫ್ರಾಂಕ್ಲಿನ್ ಪ್ರೆಸ್ಟೇಜ್ ಒಂದು ಉಪಾಯ ಹೂಡಿದ: ಹೊಸ ದಾರಿ ಕಡಿಯುವುದೇಕೆ, ಇರುವ ರಸ್ತೆಯ ಅಂಚಿನಲ್ಲೇ 2 ಅಡಿ ಅಗಲದ ಹಳಿ ಹಾಸಿದರಾಯಿತು. ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಆಶ್ಲಿ ಈಡನ್ ಒಪ್ಪಿದ. ‘ಡಾರ್ಜಿಲಿಂಗ್ ಸ್ಟೀಮ್ ಟ್ರಾಮ್‌ವೇ’ ಎಂಬ ಪುಟ್ಟ ಕಂಪನಿ ಹುಟ್ಟಿ, 1879ರಲ್ಲಿ ಕೆಲಸ ಶುರುವಾಯಿತು. 1880ರ ಆಗಸ್ಟ್‌ನಲ್ಲಿ ಕರ್ಸಿಯಾಂಗ್, 1881ರ ಜುಲೈನಲ್ಲಿ ಡಾರ್ಜಿಲಿಂಗ್! ಹಿಮಾಲಯದ ಮಳೆ, ಕುಸಿಯುವ ಮಣ್ಣು ಎಲ್ಲವನ್ನೂ ಎದುರಿಸಿ ಎರಡೇ ವರ್ಷದಲ್ಲಿ ಮುಗಿಸಿದ್ದರು. ಅದೇ ವರ್ಷ ಕಂಪನಿಯ ಹೆಸರು ಡಾರ್ಜಿಲಿಂಗ್ ಹಿಮಾಲಯನ್ ರೈಲ್ವೆ ಎಂದಾಯಿತು.

ಗಾಡಿ ರಸ್ತೆಯ ಏರು ಉಗಿ ಇಂಜಿನ್ನಿಗೆ ಹೊಂದಲಿಲ್ಲ. ಏದುಸಿರು ಬಿಡುವ ಇಂಜಿನ್‌ಗಳ ಭಾರ ಇಳಿಸಲು 1882ರಲ್ಲಿ ಸುಕ್ನಾ, ಗಯಾಬಾರಿ ನಡುವೆ ಹಳಿಯನ್ನು ಕೆಲವೆಡೆ ಸುರುಳಿ ಸುತ್ತಿಸಿದರು, ಕೆಲವೆಡೆ ಹಿಂದೆಮುಂದೆ ಓಡುವ ಅಂಕುಡೊಂಕು ಮಾಡಿದರು. ಇಡೀ ದಾರಿಯಲ್ಲಿ ಒಂದೇ ಒಂದು ಸುರಂಗವಿಲ್ಲ. ತಿಂಧಾರಿಯಾ ಬಳಿಯ ಅಗೊನಿ ಪಾಯಿಂಟ್ ಸುತ್ತಿನಲ್ಲಂತೂ ತಿರುವು ಎಷ್ಟು ಬಿಗಿಯೆಂದರೆ, ನಮ್ಮ ಇಂಜಿನ್ ನಮಗೇ ಪಕ್ಕದಲ್ಲಿ ಕಾಣುತ್ತದೆ.

ಕರ್ಸಿಯಾಂಗ್ ಪೇಟೆಯಲ್ಲಿ ರೈಲು ಅಂಗಡಿಗಳ ಹೊಸ್ತಿಲನ್ನು ಸವರಿಕೊಂಡೇ ಹೋಗುತ್ತದೆ. ಕೈ ಚಾಚಿದರೆ ತೂಗುಹಾಕಿದ ಸ್ವೆಟರ್ ಸಿಕ್ಕೀತು. ಘುಮ್ ನಿಲ್ದಾಣದ ಎತ್ತರ 2,258 ಮೀಟರ್. ಹೊರಟದ್ದು ಸುಮಾರು 100 ಮೀಟರಿನಿಂದ. ಘುಮ್‌ನಿಂದ ಡಾರ್ಜಿಲಿಂಗ್‌ಗೆ ಇಳಿಜಾರು. ನಡುವಿನ ಬತಾಸಿಯಾ ಸುತ್ತು 1919ರ ಸೇರ್ಪಡೆ.

1999ರಲ್ಲಿ ಯುನೆಸ್ಕೊ ಈ ರೈಲುದಾರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಟ್ಟವನ್ನು ಸೀಳಲು ಹೋಗದೆ, ಅದು ಬಿಟ್ಟುಕೊಟ್ಟಷ್ಟೇ ಜಾಗದಲ್ಲಿ ದಾರಿ ಹುಡುಕಿದ ಆ ಮಿತವ್ಯಯವೇ ಇದರ ಹೆಚ್ಚುಗಾರಿಕೆ. ಡಾರ್ಜಿಲಿಂಗ್‌ಗೆ ಹೋದವರು ಘುಮ್‌ವರೆಗಿನ ಉಗಿಬಂಡಿ ಸವಾರಿಗೇ ತೃಪ್ತರಾಗಿ ಮರಳುವುದುಂಟು. ಹಾಗೆ ಮಾಡಬೇಡಿ. ಇಡೀ ಒಂದು ಹಗಲು ಮೀಸಲಿಟ್ಟು, ರೈಲು ಹೊರಡುವ ನ್ಯೂ ಜಲ್ಪೈಗುರಿಯಿಂದಲೇ ಹತ್ತಿ. ಪ್ರೆಸ್ಟೇಜ್‌ನ ಜಾಣ್ಮೆಯೆಲ್ಲ ಇರುವುದು ಆ ಕೆಳಗಿನ ಏರಿನಲ್ಲೇ.