ಅಬ್ಬಾನ ಕೆಮ್ಮು

ಬಿಟ್ಟಂಗಾಲದಿಂದ ಅಮ್ಮಿಯನ್ನು ಮಡಿಕೇರಿಗೆ ಕಣ್ಣಿನ ಪರೀಕ್ಷೆಗೆ ಕರೆದೊಯ್ಯಬೇಕಿತ್ತು. ಅದು 2007. ತೀರಿಹೋದ ಅಬ್ಬಾ ಹಾಡಿದ್ದ ನಾತ್‌ಗಳ ಕ್ಯಾಸೆಟ್ಟಿಗೆ ಬೂಷ್ಟು ಬಂದಿತ್ತು. ಕೊಡಗಿನ ಮಳೆಗೆ ಚಪ್ಪಲಿಯೇ ಬಾಳುವುದಿಲ್ಲ, ಇನ್ನು ಟೇಪು! ಮಗ ಹೇಗೋ ಅದನ್ನು ಎಂಪಿ3 ಪ್ಲೇಯರಿಗೆ ಇಳಿಸಿದ್ದ. ಆದರೆ ನಮ್ಮ ಹಳೆಯ ಕಾರಿನಲ್ಲಿದ್ದುದು ರೇಡಿಯೋ, ಕ್ಯಾಸೆಟ್ ಎರಡೇ. ವೈರು ಸಿಕ್ಕಿಸಲು ತೂತಿಲ್ಲ.

ಮೊದಲು ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರ್ ತಂದೆ. ಮಡಿಕೇರಿ ಆಕಾಶವಾಣಿಯ 103.1ರ ಪಕ್ಕಕ್ಕಿಟ್ಟರೆ ಅಬ್ಬಾನ ನಾತ್‌ನ ನಡುವೆ ಕಾಳುಮೆಣಸಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಸಲಹೆ ಬರುತ್ತಿತ್ತು. ದೂರ ಸರಿಸಿದರೂ ಸುಯ್ಯೆನ್ನುವುದು ನಿಲ್ಲಲಿಲ್ಲ.

"ಮಳೆ ಬಂತೇನೋ?" ಎಂದರು ಅಮ್ಮಿ.

ಕೊನೆಗೆ ಕ್ಯಾಸೆಟ್ ಅಡಾಪ್ಟರ್ ಹಾಕಿದೆವು. ನೋಡಲು ಕ್ಯಾಸೆಟ್ಟೇ, ಒಳಗೆ ಟೇಪಿಲ್ಲ. ಪ್ಲೇಯರಿನಿಂದ ವೈರಿನಲ್ಲಿ ಬಂದದ್ದನ್ನು ಅದರ ಹೆಡ್ಡು ಕಾಂತಕ್ಷೇತ್ರವಾಗಿಸಿ ಸ್ಟೀರಿಯೋದ ಹೆಡ್ಡಿಗೆ ದಾಟಿಸುತ್ತದೆ. ಪ್ಲೇಯರಿನ ವಾಲ್ಯೂಮ್ ಪೂರ್ತಿ ಏರಿಸಿದರೆ ದನಿ ಒಡೆಯುತ್ತದೆ, ಮುಕ್ಕಾಲು ಸಾಕು. ಕ್ಯಾಸೆಟ್ಟಿನಿಂದ ಬಿಡಿಸಿ ತಂದ ಅಬ್ಬಾ ಮತ್ತೆ ಕ್ಯಾಸೆಟ್ಟಿನ ಬಾಯಿಂದಲೇ ಹಾಡಿದರು.

ಮೂರ್ನಾಡು ದಾಟುವಾಗ ಹಾಡಿನ ನಡುವೆ ಅಬ್ಬಾ ಕೆಮ್ಮಿದರು.

"ದಾದಿ, ಕಂಪ್ಯೂಟರಿನಲ್ಲಿ ಅದನ್ನು ತೆಗೆದುಬಿಡಬಹುದು," ಎಂದ ಮಗ.

ಅಮ್ಮಿ ಮುಂದಿನ ಸೀಟಿನತ್ತ ಬಾಗಿದರು. "ಬೇಡ ಬೇಟಾ. ಸ್ವಲ್ಪ ಹಿಂದಕ್ಕೆ ಹಾಕು, ಇನ್ನೊಮ್ಮೆ ಕೇಳ್ತೀನಿ."